ಮೊದ್ಲು ಯಾರಿಗೆ ಕನ್ಸೆಷನ್?
ವರ್ಷಕ್ಕೆ ಹನ್ನೆರಡು ಲಕ್ಷ ದುಡಿಯೋರಿಗೂ ಪ್ರೈವೇಟ್ ಸ್ಕೂಲಲ್ಲಿ ಫೀಸ್ ಕನ್ಸೆಷನ್ ಬೇಕು ಅಂತ ಬರ್ದಿದೀರಲ್ಲ ಸಾರ್, ಬೆಂಗಳೂರಲ್ಲಿ ಬಾಡಿಗೆ, ಇಎಂಐ ಕಟ್ಕೊಂಡು ಇಬ್ರು ಮಕ್ಳನ್ನ ಓದ್ಸೋದು ಕಷ್ಟಾನೇ, ಇಲ್ಲ ಅನ್ನಲ್ಲ. ಆದ್ರೆ ಆರ್‌ಟಿಇಲಿ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಲಿ, ಪ್ರೈವೇಟ್ ಸ್ಕೂಲಲ್ಲಿ ಬಡವ್ರಿಗೆ ಅಂತ ಇದ್ದ 25% ಸೀಟಿಗೇ 2019ರಲ್ಲಿ ರಾಜ್ಯ ಸರ್ಕಾರದೋರು ರೂಲ್ಸ್ ಬದಲಾಯ್ಸಿ, ಹತ್ರದಲ್ಲಿ ಸರ್ಕಾರಿ ಶಾಲೆನೋ ಅನುದಾನಿತ ಶಾಲೆನೋ ಇದ್ರೆ ಪ್ರೈವೇಟಲ್ಲಿ ಸೀಟಿಲ್ಲ ಅಂದ್ಬಿಟ್ರಲ್ಲ, ಆಗ ನಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಬ್ರೂ ಉಸಿರೆತ್ಲಿಲ್ಲ, ನಮ್ಮನೆಗೆ ಕೆಲ್ಸಕ್ಕೆ ಬರೋ ಅಕ್ಕನ ಮಗಂಗೆ ಅದ್ರಿಂದಾನೇ ಸೀಟ್ ತಪ್ಪೋಯ್ತು. ಇನ್ನು ಇನ್ಕಮ್ ಸರ್ಟಿಫಿಕೇಟ್ ಕಥೆ ಕೇಳ್ಲೇಬೇಡಿ, ಸಂಬಳದೋರು ಫಾರ್ಮ್ 16 (ಕಂಪನಿ ಕೊಡೋ ಸಂಬಳ, ಟ್ಯಾಕ್ಸ್ ಲೆಕ್ಕದ ಪತ್ರ) ತೋರಿಸ್ಬೇಕು, ಕೆಲವ್ರು ಕಾರಲ್ಲಿ ಬಂದು ಕಮ್ಮಿ ಆದಾಯ ಬರ್ಸ್ಕೊಂಡು ಹೋಗ್ತಾರೆ. ಮೊದ್ಲು ಆ ಅಕ್ಕನ ಮಗನಂಥೋರಿಗೆ ಕೊಡಿ, ಮಿಕ್ಕಿದ್ರೆ ನಂಗೂ ಕೊಡಿ ಬೇಡ ಅನ್ನಲ್ಲ 😄