ಅಲ್ಬೇನಿಯಾದ ಹಾಡಿನ ಹಬ್ಬ: ಸತ್ಯಾಂಶ

"ಯೂರೋವಿಷನ್‌ಗೆ (ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ) ಹಾಡು ಆರಿಸೋಕೆ ಅಂತಲೇ ಅಲ್ಬೇನಿಯಾ 'ಫೆಸ್ಟಿವಾಲಿ ಇ ಕೆಂಗೆಸ್' ಎಂಬ ಹಾಡಿನ ಹಬ್ಬ ಶುರು ಮಾಡಿತು" ಎಂಬ ಫಾರ್ವರ್ಡ್ ಮೆಸೇಜ್ ತಪ್ಪು.

ಈ ಸ್ಪರ್ಧೆ ಶುರುವಾಗಿದ್ದು 1962ರ ಡಿಸೆಂಬರ್‌ನಲ್ಲಿ. ಮೊದಲ ವರ್ಷ ಗೆದ್ದವರು ಗಾಯಕಿ ವಾಚೆ ಜೇಲಾ. ಅಲ್ಬೇನಿಯಾ ಯೂರೋವಿಷನ್‌ಗೆ ಕಾಲಿಟ್ಟಿದ್ದು 2004ರಲ್ಲಿ. ನಡುವೆ ನಲವತ್ತು ವರ್ಷಕ್ಕೂ ಜಾಸ್ತಿ ಅಂತರವಿದೆ, ಅಲ್ವಾ?

ಆ ನಡುವಿನ ಕಾಲ ಸುಲಭದ್ದೇನಲ್ಲ. 1972ರ ಹಬ್ಬದಲ್ಲಿ ಪಾಶ್ಚಾತ್ಯ ಗಾಳಿ ಬೀಸಿತು ಎಂದು ಸರ್ವಾಧಿಕಾರಿ ಎನ್ವರ್ ಹೋಜಾ ಸಿಟ್ಟಾದರು. ಟಿವಿ ಸಂಸ್ಥೆಯ ಮುಖ್ಯಸ್ಥ ತೋದಿ ಲುಬೋನ್ಯಾ ಜೈಲು ಸೇರಬೇಕಾಯಿತು. ಒಂದು ಹಾಡಿನ ಕಾರ್ಯಕ್ರಮಕ್ಕೆ!

ಇನ್ನೊಂದು ಮಾತು: ಈ ಹಬ್ಬದಲ್ಲಿ ಗೆದ್ದವರೇ ಯಾವಾಗಲೂ ಯೂರೋವಿಷನ್‌ಗೆ ಹೋಗಿದ್ದಾರೆ ಅಂತಲೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ತೀರ್ಪುಗಾರರು ಎಲ್ಸಾ ಲಿಲಾ ಅವರನ್ನು ಗೆಲ್ಲಿಸಿದರು. ಜನರ ವೋಟು ಬಿದ್ದದ್ದು ಅಲ್ಬಿನಾ ಕೆಲ್ಮೆಂಡಿ ಕುಟುಂಬಕ್ಕೆ. 2023ರ ಯೂರೋವಿಷನ್‌ನಲ್ಲಿ ಹಾಡಿದ್ದೂ ಆ ಮನೆಯವರೇ.