ಬಸುರಿ ಹಾರ್ಮೋನ್‌ನಿಂದ ತೂಕ ಇಳಿಯಲ್ಲ

ನಮ್ಮ ಡೊಂಬಿವ್ಲಿ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಎಚ್‌ಸಿಜಿ ಡ್ರಾಪ್ಸ್ ಅಂತ ಒಂದು ಮೆಸೇಜ್ ಓಡಾಡ್ತಿದೆ, ದಿನಾ ನಾಲಿಗೆ ಕೆಳಗೆ ನಾಕು ಹನಿ ಹಾಕ್ಕೊಂಡ್ರೆ ಹೊಟ್ಟೆ ಬೊಜ್ಜು ಕರಗತ್ತಂತೆ, ಜತೆಗೊಂದು ಡಯಟ್ ಚಾರ್ಟ್ ಬೇರೆ. ಮಕ್ಕಳಾಗದವರಿಗೆ ಟ್ರೀಟ್‌ಮೆಂಟ್ ಕೊಡೋ ಕ್ಲಿನಿಕ್‌ನಲ್ಲಿ ನರ್ಸ್ ಆಗಿರೋ ನನಗೆ ಅದನ್ನ ಓದಿ ಹೊಟ್ಟೆ ಉರಿದುಹೋಯ್ತು.

ಎಚ್‌ಸಿಜಿ ಅಂದ್ರೆ ಗರ್ಭ ನಿಂತ ಮೇಲೆ ಮಾಸು ತಯಾರು ಮಾಡೋ ಹಾರ್ಮೋನ್. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ ಬರೋದು ಇದರಿಂದಲೇ. ನಮ್ಮಲ್ಲಿ ಸ್ಕ್ಯಾನ್ ನೋಡಿ ಅಂಡ ಬಲಿತಿದೆ ಅಂತಾದ್ರೆ ಡಾಕ್ಟರು ಇದರದೇ ಇಂಜೆಕ್ಷನ್ 5000 ಇಲ್ಲಾ 10000 ಯೂನಿಟ್ ಬರೀತಾರೆ, ಫ್ರಿಜ್‌ನಿಂದ ತೆಗೆದ ಪುಡಿಗೆ ನೀರು ಬೆರೆಸಿ ಮೆಲ್ಲಗೆ ತಿರುಗಿಸಿ ಕೊಡ್ತೀವಿ, ಸುಮಾರು 36 ಗಂಟೆಗೆ ಅಂಡ ಹೊರಗೆ ಬರತ್ತೆ. ಅದಕ್ಕೇ "ವೈನಿ, ರಾತ್ರಿ ಹತ್ತೂವರೆ ಅಂದ್ರೆ ಹತ್ತೂವರೆ, ಅಲಾರಂ ಇಟ್ಕೊಳ್ಳಿ" ಅಂತ ಹೇಳಿ ಹೇಳಿ ಕಳಿಸೋದು. ಇಂಜೆಕ್ಷನ್ ಆಗಿ ಐದಾರು ದಿನಕ್ಕೇ ತಡಕೊಳ್ಳಕ್ಕಾಗದೆ ಕಿಟ್ ನೋಡಿ ಎರಡು ಗೆರೆ ಕಂಡು ಅಳ್ತಾ ಫೋನ್ ಮಾಡ್ತಾರೆ, ಅದು ನಾವು ಕೊಟ್ಟ ಔಷಧದ ಗೆರೆ ಕಣಮ್ಮ ಇನ್ನೂ ಕಾಯಬೇಕು ಅಂತ ಹೇಳೋದು ಎಷ್ಟು ಕಷ್ಟ ಗೊತ್ತಾ. ವೃಷಣ ಕೆಳಗಿಳಿಯದ ಗಂಡುಮಕ್ಕಳಿಗೂ ಇದನ್ನ ಕೊಡೋದುಂಟು.

ತೂಕದ ಕಥೆ ಶುರುವಾಗಿದ್ದು ಸಿಮಿಯನ್ಸ್ ಅನ್ನೋ ಬ್ರಿಟಿಷ್ ಡಾಕ್ಟರಿಂದ, ಅವರು ನಮ್ಮ ಮುಂಬೈನಲ್ಲೂ ಕೆಲಸ ಮಾಡಿದ್ದವರು. ಇಂಡಿಯಾದಲ್ಲಿ ದಪ್ಪ ಹುಡುಗರಿಗೆ ಈ ಇಂಜೆಕ್ಷನ್ ಕೊಟ್ಟಾಗ ಹಸಿವು ಕಡಿಮೆಯಾದಂಗೆ ಅವರಿಗೆ ಕಾಣ್ತು, ಆಮೇಲೆ ರೋಮ್‌ಗೆ ಹೋಗಿ 1954ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು. ದಿನಕ್ಕೆ 125 ಯೂನಿಟ್ ಇಂಜೆಕ್ಷನ್, ಜತೆಗೆ ಬರೀ 500 ಕ್ಯಾಲೊರಿ ಊಟ. 500 ಕ್ಯಾಲೊರಿ ಅಂದ್ರೆ ಸ್ಟೇಷನ್ ಹೊರಗಡೆ ಎರಡು ವಡಾಪಾವ್ ತಿಂದ್ರೆ ಆ ದಿನದ ಊಟ ಮುಗೀತು! ಇಷ್ಟು ಉಪವಾಸ ಬಿದ್ರೆ ಯಾರು ತಾನೇ ಇಳಿಯಲ್ಲ? ಒಂದು ಗುಂಪಿಗೆ ಎಚ್‌ಸಿಜಿ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ, ಎರಡೂ ಗುಂಪಿನವರು ಹೆಚ್ಚುಕಡಿಮೆ ಅಷ್ಟೇ ಇಳಿದ್ರು. 1995ರಲ್ಲಿ ಇದರ ಬಗ್ಗೆ ನಡೆದ 24 ಅಧ್ಯಯನ ಒಟ್ಟಿಗಿಟ್ಟು ನೋಡಿದವರೂ ಇದರಿಂದ ಬೊಜ್ಜಿಗೆ ಉಪಯೋಗ ಇದೆ ಅನ್ನೋಕೆ ಆಧಾರ ಇಲ್ಲ ಅಂದ್ರು. 2011ರಲ್ಲಿ ಅಮೆರಿಕದಲ್ಲಿ ಔಷಧಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಡ್ರಾಪ್ಸ್ ಮಾರೋ ಕಂಪನಿಗಳಿಗೆ ವಾರ್ನಿಂಗ್ ಲೆಟರ್ ಕಳಿಸ್ತು.

ಇನ್ನು ಬಾಯಿಗೆ ಹಾಕೋ ಹನಿ ಅಂತೂ ಬೇಡವೇ ಬೇಡ, ಇದು ಪ್ರೋಟೀನ್ ಹಾರ್ಮೋನ್, ನುಂಗಿದ್ರೆ ಊಟದ ಜತೆ ಜೀರ್ಣ ಆಗಿಹೋಗತ್ತೆ. ಉಳಿಯೋದು ಉಪವಾಸ ಒಂದೇ, ಅದರಿಂದ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಉಪ್ಪಿನಂಶ ಏರುಪೇರಾಗಿ ಎದೆಬಡಿತವೇ ತಪ್ಪಬಹುದು. ಹೆರಿಗೆ ಆಗಿ ತೂಕ ಇಳೀತಿಲ್ಲ ಅಂತ ನಾಕು ಜನ ಆಡಿಕೊಳ್ಳೋ ಮಾತಿಗೆ ನೊಂದು ಈ ಬಾಟಲಿ ತರಿಸ್ಕೊಳ್ಳೋ ಹೆಣ್ಮಕ್ಕಳ ಮೇಲೆ ನನಗೆ ಕೋಪ ಇಲ್ಲ, ಮಾರೋರ ಮೇಲಿದೆ. ದುಡ್ಡು ಖರ್ಚು ಮಾಡೋದೇ ಆದ್ರೆ ಡಾಕ್ಟರ್ ಹತ್ರ ಹೋಗಿ ಥೈರಾಯ್ಡ್, ಶುಗರ್ ಚೆಕ್ ಮಾಡಿಸ್ಕೊಳ್ಳಿ.

ಗ್ರೂಪಲ್ಲಿ ಯಾರಾದ್ರೂ ಆಗಲೇ ತಗೊಂಡು ತಲೆಸುತ್ತು, ಎದೆಬಡಿತ ಅಂತಿದ್ರೆ ಇವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೇಳೋಕೆ ಸಂಕೋಚ ಆದ್ರೆ ಬಾಟಲಿ ಲೇಬಲ್ ಫೋಟೋ ನನಗೆ ಇನ್‌ಬಾಕ್ಸ್ ಮಾಡಿ, ಡ್ಯೂಟಿ ಮುಗಿಸಿ ಬಂದು ನೋಡಿ ಹೇಳ್ತೀನಿ.