ಶಂಷಾಬಾದಿನ ಲೆಕ್ಕದಾಗ ನಮ್ಮ ಮಂದಿ

ಕಲಬುರಗಿ ಏರ್‌ಪೋರ್ಟಿಗೆ ಪ್ಯಾಸೆಂಜರೇ ಇಲ್ಲ ಅಂತ ಯಾರಾದ್ರೂ ಅಂದ್ರ ನನಗ ಸಿಟ್ಟು ನೆತ್ತಿಗೇರ್ತದ. ಇದ್ದಾರ್ರೀ ಮಂದಿ. ಅವರ ಲೆಕ್ಕ ಹೈದರಾಬಾದಿಗೆ ಬೀಳ್ಲಿಕತ್ತದ, ಅಷ್ಟೇ.

ಕಲಬುರಗಿಯ ನಮ್ಮ ರೋಜಾ ಏರಿಯಾದಾಗ ಕೇಳ್ರಿ, ಹುಮನಾಬಾದಿನಾಗ ಕೇಳ್ರಿ, ಬೀದರಿನಾಗ ಕೇಳ್ರಿ. ಜೆಡ್ಡಾ, ರಿಯಾದ್, ದುಬೈ, ದೋಹಾ ಅಂತ ದುಡೀಲಿಕ್ಕೆ ಹೋದವರ ಮನಿ ಸಿಕ್ಕೇ ಸಿಗ್ತಾವ. ಎಸಿ ಮೆಕ್ಯಾನಿಕ್, ಡ್ರೈವರ್, ನರ್ಸ್, ಈಗೀಗ ಕಂಪ್ಯೂಟರ್ ಕಲಿತ ಹುಡುಗರು. 2008ರಾಗ ಹೈದರಾಬಾದಿನ ಹಳೆ ಏರ್‌ಪೋರ್ಟ್ ಬೇಗಂಪೇಟ್ ಬಂದ್ ಆಗಿ ವಿಮಾನ ಎಲ್ಲಾ ಊರ ಹೊರಗಿನ ಶಂಷಾಬಾದಿಗೆ ಹೋದ ಮ್ಯಾಲ, ರೈಲಿನಾಗ ಹೋದ್ರೂ ನಾಂಪಲ್ಲಿ ಸ್ಟೇಷನ್ನಿಗೆ ಇಳಿದು ಮತ್ತ ಟ್ಯಾಕ್ಸಿ ಹಿಡೀಬೇಕು. ಅದಕ್ಕ ಊರಿಂದನೇ ಗಾಡಿ ಮಾಡ್ಕೊಂಡು ಹೋಗ್ತಾರ. ಕಲಬುರಗಿಯಿಂದ 200 ಕಿ.ಮೀ. ದಾಟಿದ ಹಾದಿ, ಅದೂ ರಾತ್ರಿ. ಹಾರಾವ ಒಬ್ಬ, ಬಿಡ್ಲಿಕ್ಕೆ ಹೋಗೋರು ಆರು ಮಂದಿ! ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬಿದ ಬ್ಯಾಗು ತೂಕ ಹೆಚ್ಚಾಗಿ ಕೌಂಟರ್ ಮುಂದ ಬಿಚ್ಚೋ ಫಜೀತಿ ಬ್ಯಾರೆ. ಹಜ್‌ಗೆ ಹೋಗೋ ನಮ್ಮ ಹಿರ್ಯಾರೂ ಅಲ್ಲಿಂದೇ ಹೊಂಡ್ತಾರ.

ಶ್ರೀನಿವಾಸ ಸರಡಗಿ ಊರ ಹತ್ರ ನಮ್ಮ ನಿಲ್ದಾಣ ಚಾಲೂ ಆಗಿದ್ದು 2019ರ ನವೆಂಬರ್ 22ಕ್ಕ. ರನ್‌ವೇ 3,175 ಮೀಟರ್. ಕೇರಳದ ಕಣ್ಣೂರಿಂದು 3,050. ಆ ಕಣ್ಣೂರಿನಾಗ 2018ರ ಡಿಸೆಂಬರ್‌ದಾಗ ಉದ್ಘಾಟನಾ ಆದ ದಿನವೇ ಅಬುಧಾಬಿಗೆ ವಿಮಾನ ಹಾರ್ತು. ನಮ್ಮ ಉದ್ದನ್ನ ರನ್‌ವೇ ಮ್ಯಾಲ ಮೊದಲು ಇಳಿದದ್ದು ಬೆಂಗಳೂರಿನ 50 ಸೀಟಿನ ವಿಮಾನ. ಸಣ್ಣ ಊರಿಗೆ ವಿಮಾನ ಬಿಡಿಸೋ ಕೇಂದ್ರದ ಉಡಾನ್ ಯೋಜನಾದಾಗ ಕಂಪನಿಗೆ ಸಬ್ಸಿಡಿ ಸಿಗೋದು 3 ವರ್ಷ. ಅದು ಮುಗೀತು, ಹಾರಾಟನೂ ಸೊರಗ್ತು. ಬೀದರಿನ ಕಥಿ ಕೇಳಬ್ಯಾಡ್ರಿ, ಚಾಲೂ, ಬಂದ್, ಮತ್ತ ಚಾಲೂ.

ಹಂಗಂತ "ಇಂಟರ್‌ನ್ಯಾಷನಲ್ ಮಾಡ್ರಿ" ಅನ್ನೋ ಮನವಿಪತ್ರಕ್ಕ ನಾ ಸಹಿ ಹಾಕಂಗಿಲ್ಲ. ಬೋರ್ಡ್ ಬದಲಿ ಮಾಡಿದ್ರ ಕಸ್ಟಮ್ಸು, ಇಮಿಗ್ರೇಷನ್ನು ತಾವೇ ಬಂದು ಕೂಡ್ತಾವೇನು? ಕಣ್ಣೂರಿಗೆ ಬೋರ್ಡೂ ಇತ್ತು, ಗಲ್ಫಿನ ಮಂದಿನೂ ಇದ್ರು. ಆದ್ರ ದೇಶ ದೇಶದ ನಡುವಿನ ಒಪ್ಪಂದದಾಗ ಅದಕ್ಕ 'ಪಾಯಿಂಟ್ ಆಫ್ ಕಾಲ್', ಅಂದ್ರ ವಿದೇಶಿ ವಿಮಾನ ಇಳೀಬಹುದಾದ ಊರು ಅನ್ನೋ ದರ್ಜೆ ಸಿಗದೇ, ವಿದೇಶಿ ಕಂಪನಿಗಳು ಅಲ್ಲಿ ಇಳೀಲಿಕ್ಕೆ ಆಗಲಿಲ್ಲ. ಇದ್ದ ನಮ್ಮ ದೇಶದ ಕಂಪನಿಯೊಳಗ ಗೋ ಫಸ್ಟ್ 2023ರಾಗ ಹಾರಾಟ ಬಂದ್ ಮಾಡ್ತು, ನಿಲ್ದಾಣಕ್ಕ ದೊಡ್ಡ ಹೊಡ್ತ.

ನಾ ಕೇಳೋದು ಸಣ್ಣದು. ಬೆಂಗಳೂರು ಇಲ್ಲಾ ಮುಂಬೈಯಿಂದ ರಾತ್ರಿ ಗಲ್ಫಿಗೆ ಹೋಗೋ ವಿಮಾನಕ್ಕ ಕೂಡೋಹಂಗ ಸಂಜಿಗೊಂದು ವಿಮಾನ ಬಿಡ್ರಿ. ಟಿಕೆಟ್ ಒಂದೇ ಇರಲಿ, ಕಲಬುರಗಿಯಾಗ ಕೊಟ್ಟ ಬ್ಯಾಗು ಸೀದಾ ರಿಯಾದಿನಾಗ ಕೈಗೆ ಬರಲಿ. ಇಮಿಗ್ರೇಷನ್ ಅಲ್ಲೇ ದೊಡ್ಡ ಊರಾಗ ಆಗ್ತದ.

ಕೊಚ್ಚಿಯವರು ಇನ್ನೂ ಮುಂದ ಹೋಗಿದ್ರು. 1999ರಾಗ ಚಾಲೂ ಆದ ಆ ನಿಲ್ದಾಣಕ್ಕ ಸುಮಾರು 10,000 ಅನಿವಾಸಿಗಳು ರೊಕ್ಕ ಹಾಕಿ ಷೇರುದಾರರಾದ್ರು. ನಮ್ಮವರನ್ನ ಹಂಗ ಯಾರಾದ್ರೂ ಕೇಳ್ಯಾರೇನು? ಊರಾಗ ಮಸೀದಿ, ಗುಡಿ, ಶಾಲೆ ಅಂದ್ರ ದುಬೈಯಿಂದ ರೊಕ್ಕ ಬರ್ತದ, ಇದಕ್ಕ ಯಾಕ ಬರಂಗಿಲ್ಲ?

ಮೊದಲು ಎಣಿಕಿ ಆಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿ, ಬೀದರ್, ಯಾದಗಿರಿಯೊಳಗ ಮನಿಮನಿಗೆ ಮಂದಿ ಕಳಿಸಿ ಕೇಳಲಿ: ಹೊರದೇಶದಾಗ ಎಷ್ಟು ಜನ ಇದ್ದೀರಿ, ಯಾವ ಊರಾಗ, ವರ್ಷಕ್ಕ ಎಷ್ಟು ಸಲ ಬರ್ತೀರಿ, ಯಾವ ತಿಂಗಳ ಬರ್ತೀರಿ. ಆ ಪಟ್ಟಿ ಹಿಡ್ಕೊಂಡು ವಿಮಾನ ಕಂಪನಿ ಬಾಗಿಲಿಗೆ ಹೋಗ್ರಿ, ಬರೇ ಮನವಿಪತ್ರ ಹಿಡ್ಕೊಂಡಲ್ಲ.